ಬಾಗಿಲಲ್ಲಿ ಯಾರು ಎಂದ ಮೇಲೆ

ನಾಲ್ಕು ಬೆರಳು ಎತ್ತಿದ್ದಾನೆ, ಅಂದರೆ ನಾಲ್ಕನೆಯ ಸ್ವರಮೇಳ, ನನಗೆ ಗೊತ್ತೇ ಇಲ್ಲವೇನೋ ಎಂಬಂತೆ ನನ್ನ ಮೂಗಿನ ನೇರಕ್ಕೇ ಹಿಡಿದಿದ್ದಾನೆ, ನ್ಯಾಶ್‌ವಿಲ್‌ನಿಂದ ಬಂದ ಈ ಬ್ರೆಂಟ್, ಮೇಳದ ಮುಖಂಡ, ಈ ಹಾಡಿಗೆ ನಾನು ಮೊದಲ ಸಲ ಸ್ಟೀಲ್ ಗಿಟಾರ್ ನುಡಿಸಿದಾಗ ಇವನ ಅಪ್ಪನಿಗೇ ಮೀಸೆ ಬಂದಿರಲಿಲ್ಲ — ಪೆಡಲು ಒತ್ತಿದೆ, ಹೊಲಿಗೆ ಯಂತ್ರದ ಮುಂದೆ ಕೂತ ಹಾಗೆ ಕೂತು ಕಾಲಲ್ಲಿ ತಂತಿಯನ್ನು ಮೇಲೆತ್ತಬೇಕು, ಎಪ್ಪತ್ತಾರರ ಮೊಣಕಾಲು ಚುಳ್ ಎನ್ನುತ್ತದೆ — ಮುಂದೆ ಮೈಕಿನ ಹತ್ತಿರ ಟೆಸ್ಸಾ, ಮಿಂಟಿಯ ಮೊಮ್ಮಗಳು, ಕತ್ತು ಅಜ್ಜಿಯದೇ, ಗಂಟಲೂ ಅಜ್ಜಿಯದೇ, ಆ ಸಾಲಿಗೆ ಬಂದಳು, ಬಾಗಿಲಲ್ಲಿ ಯಾರು ಎಂದು ಕೇಳಿದಳು, ಕೇಳಿದ ಉಸಿರಿನಲ್ಲೇ ಗಾಳಿ ಎಂದುಬಿಟ್ಟಳು, ಹೋಯಿತು, ಬೆಳಗ್ಗಿನಿಂದ ಈ ಹೊಸ ರೆಕಾರ್ಡಿಂಗಿಗೆ ಇದು ಮೂರನೆಯ ಸಲ, ಮೂರು ಸಲವೂ ಹಾಗೆಯೇ ಹೋಯಿತು. ಸೂಪರ್ ಕಣಮ್ಮಾ, ಅದೇ ರೆಕಾರ್ಡ್ ಕೇಳ್ದಂಗಾಯ್ತು ಎನ್ನುತ್ತಾನೆ ಬ್ರೆಂಟ್. ಅದೇ ಕಣೋ ನನ್ನ ಗೋಳು, ರೆಕಾರ್ಡ್ ಕೇಳಿದ ಹಾಗೇ ಇದೆ. ನಮ್ಮ ಕೆಂಟಕಿಯ ಬೆಟ್ಟದ ಈ ಮುಚ್ಚಿಹೋದ ಹೈಸ್ಕೂಲಿನ ಆಟದ ಹಾಲ್ ಇಂದಿನಿಂದ ಮಿಂಟಿ ಸ್ಟಿಡಮ್ ಸ್ಮಾರಕ ಭವನವಂತೆ, ಮಧ್ಯಾಹ್ನ ಊಟವಾದ ಮೇಲೆ ಭಾಷಣ, ಅಮರ ಪರಂಪರೆ, ಬೆಟ್ಟದ ಕೋಗಿಲೆ, ಸತ್ತು ಒಂಬತ್ತು ವರ್ಷದ ಮೇಲೆ ಎಲ್ಲರಿಗೂ ಅವಳು ಬೇಕು, ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಗಾಜಿನ ಪೆಟ್ಟಿಗೆ, ಅದರೊಳಗೆ ಮೊಳೆಗೆ ತೂಗುಹಾಕಿದ ಒಂದು ಕೋಟು, ಮಿಂಟಿಯ ತಂದೆಯ ಕೋಟು ಎಂದು ಚೀಟಿ ಬೇರೆ. ಎಲ್ಲಿಯ ಕೋಟು! ಅಪ್ಪನ ಕೋಟನ್ನು ಅವಳ ಅಮ್ಮ ತುಂಡು ತುಂಡು ಮಾಡಿ ಕೌದಿ ಹೊಲಿದಿದ್ದಳು, ಆ ಕೌದಿಯನ್ನು ನಾನೇ ಹೊದ್ದಿದ್ದೇನೆ ಪ್ರವಾಸದ ಬಸ್ಸಿನಲ್ಲಿ, ಇದು ಯಾವುದೋ ಹಳೇ ಬಟ್ಟೆ ಅಂಗಡಿಯದು.

ಕೋಟು ಹೋಗಲಿ, ಕೋಟಿನ ಸುಳ್ಳನ್ನು ನಾನು ನುಂಗಿಕೊಳ್ಳಬಲ್ಲೆ. ನುಂಗಲಾಗದ್ದು ಆ ಎರಡು ಎಣಿಕೆ. ಹಾಡಿನಲ್ಲಿ ಅಪ್ಪ ಗಣಿಯಿಂದ ಬರಲಿಲ್ಲ, ಕೋಟು ಮೊಳೆಯಲ್ಲೇ ಇದೆ, ಹೆಂಡತಿ ಒಲೆಯ ಮುಂದೆ ಕೂತಿದ್ದಾಳೆ, ಸದ್ದಾಗುತ್ತದೆ, ಬಾಗಿಲಲ್ಲಿ ಯಾರು ಎನ್ನುತ್ತಾಳೆ — ಅಲ್ಲಿ ಮಿಂಟಿ ನಿಲ್ಲುತ್ತಿದ್ದಳು. ಪೂರ್ತಿ ಎರಡು ಎಣಿಕೆ, ಯಾವ ತಾಳದ ಲೆಕ್ಕಕ್ಕೂ ಬಾರದ ಎರಡು ಎಣಿಕೆ, ಡ್ರಮ್ ಇಲ್ಲ, ಪಿಟೀಲಿಲ್ಲ, ನನ್ನ ಒಂದೇ ತಂತಿ ಮಾತ್ರ, ಅದೂ ಉಸಿರಿನಷ್ಟು, ಮುಖವನ್ನು ಪಕ್ಕಕ್ಕೆ ತಿರುಗಿಸಿ ನಿಜವಾಗಿ ಕಿವಿಗೊಡುತ್ತಿದ್ದಳು, ಸಭೆಯಲ್ಲಿ ಕೂತ ನಾನೂರು ಜನ ಬಾಗಿಲ ಕಡೆ ನೋಡುತ್ತಿದ್ದರು, ನೋಡುತ್ತಿದ್ದರು ಎಂದರೆ ನೋಡುತ್ತಿದ್ದರು, ಒಮ್ಮೆ ಹ್ಯಾಜರ್ಡ್ ಊರಿನ ಸಭೆಯಲ್ಲಿ ಒಬ್ಬ ಮುದುಕ ಎದ್ದೇ ನಿಂತಿದ್ದ, ಆಮೇಲೆ ಗಾಳಿ ಎನ್ನುತ್ತಿದ್ದಳು, ಅಷ್ಟೇ, ಮೂವತ್ತಾರು ವರ್ಷ ಒಂದೇ ಒಂದು ಸಲವೂ ಅದು ಹುಸಿಹೋಗಲಿಲ್ಲ. ಎಲ್ಲರ ಕೈಗೂ ವಿಡಿಯೊ ಹಿಡಿಯುವ ಫೋನು ಬರುವ ಮೊದಲೇ ಅವಳ ಗಂಟಲು ಕೂತುಹೋಯಿತು, ಈಗ ಜಗತ್ತಿಗೆ ಉಳಿದಿರುವುದು ರೆಕಾರ್ಡ್, ರೆಕಾರ್ಡ್‌ನಲ್ಲಿ ಆ ಎರಡು ಎಣಿಕೆ ಇಲ್ಲ, ಅದನ್ನು ಕೇಳಿ ಕಲಿತ ನೂರು ಗಾಯಕರೂ ಬಾಗಿಲು ಬಡಿದವನನ್ನು ಒಳಗೂ ಕರೆಯದೆ ಹೊರಗೂ ನಿಲ್ಲಿಸದೆ ಓಡುತ್ತಾರೆ, ಇವತ್ತು ಟೆಸ್ಸಾ ಹಾಡಿದ್ದು ಅಚ್ಚಾಯಿತೆಂದರೆ ಮುಗಿಯಿತು, ಮನೆಯ ಮಗುವೇ ಹಾಗೆ ಹಾಡಿದೆ ಎಂದ ಮೇಲೆ ಇನ್ನು ಯಾರನ್ನು ಕೇಳುವುದು. ಹೇಳಿದೆ, ಹೇಳಲಿಲ್ಲವೆಂದಲ್ಲ, ಎರಡನೆಯ ಸಲ ಮುಗಿದಾಗಲೇ ಹೇಳಿದೆ, ಬ್ರೆಂಟ್, ಅಲ್ಲಿ ಅವಳು ಕಾಯ್ತಿದ್ಲು ಕಣಪ್ಪ. ಅಜ್ಜಾ, ರೆಕಾರ್ಡಲ್ಲಿ ಹಾಗಿಲ್ವಲ್ಲ. ರೆಕಾರ್ಡಲ್ಲಿ ಇಲ್ಲ, ಗೊತ್ತು. ಹಾಗಾದ್ರೆ? ಜನಕ್ಕೆ ಬೇಕಾಗಿರೋದು ಆ ರೆಕಾರ್ಡೇ ಅಲ್ವಾ, ನೀವು ಸುಮ್ನೆ ಚೀಟಿ ನೋಡ್ಕೊಂಡು ನುಡಿಸಿ, ಪ್ಲೀಸ್. ಚೀಟಿ! ಒಂದು, ನಾಲ್ಕು, ಐದು, ಒಂದು, ಮಗ್ಗಿ ಬರೆದ ಹಾಗೆ ಬರೆದು ನನ್ನ ಮುಂದೆ ಅಂಟಿಸಿದ್ದಾನೆ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ನನ್ನ ಮಾತು, ಟೆಸ್ಸಾ ಕೂಡ ನಕ್ಕಳು, ಪಾಪ ಮುದುಕ ಎಂಬ ನಗು, ಎಸ್ಟಿಲಜ್ಜಾ, ನಿಂಗೆ ಸುಸ್ತಾಗಿದ್ರೆ ಹೇಳು. ಸುಸ್ತಾಗಿಲ್ಲ ನನಗೆ, ಕೋಪ ಬಂದಿದೆ, ಮೈಯೆಲ್ಲ ಉರಿಯುವಷ್ಟು ಕೋಪ, ಯಾರ ಮೇಲೆ ಎಂದು ಮಾತ್ರ ನನ್ನನ್ನು ಕೇಳಬೇಡಿ.

ಯಾಕೆಂದರೆ ಪೂರ್ತಿ ಹೇಳಿದರೆ ಇವರು ನಂಬುತ್ತಾರೆ, ಪೂರ್ತಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಆ ರೆಕಾರ್ಡ್ ಮಾಡಿ ಐವತ್ತೊಂದು ವರ್ಷ. ಆ ಸ್ಟುಡಿಯೊದಲ್ಲಿ ನುಡಿಸುವವರೆಲ್ಲ ನಗರದವರು, ಇಸ್ತ್ರಿ ಅಂಗಿ, ಗಡಿಯಾರ ನುಂಗಿದವರ ಹಾಗೆ ತಾಳ, ಬೆಟ್ಟದಿಂದ ಇಳಿದುಬಂದವರು ನಾವಿಬ್ಬರೇ, ಮಿಂಟಿ ಮತ್ತು ನಾನು, ಬೆಳಗ್ಗಿನಿಂದ ಒಬ್ಬ ನನ್ನ ಬೂಟು ನೋಡಿ ನಗುತ್ತಲೇ ಇದ್ದ, ಏನ್ರೀ, ನಿಮ್ಮ ಬೆಟ್ಟದಲ್ಲಿ ಎಷ್ಟರ ತನಕ ಎಣಿಸೋಕೆ ಕಲಿಸ್ತಾರೆ, ಮೂರರ ತನಕಾನಾ? ಎಲ್ಲರೂ ನಕ್ಕರು, ನಾನೂ ನಕ್ಕೆ, ಯಾಕೆ ನಕ್ಕೆನೋ. ಮಿಂಟಿ ಹಾಡಿದಳು, ಹೇಗೆ ಹಾಡಿದಳು, ಅಂಥದ್ದನ್ನು ಆಮೇಲೆ ನಾನೂ ಕೇಳಿಲ್ಲ, ಮಗನಿಗೆ ಜ್ವರ ಎಂದು ಮನೆಗೆ ಫೋನು ಮಾಡಲು ಓಡಿದಳು, ಆ ಮಗನೇ ಟೆಸ್ಸಾಳ ಅಪ್ಪ, ಅವಳು ಆಚೆ ಹೋದ ಮೇಲೆ ಸ್ಟುಡಿಯೊದ ಯಜಮಾನ ಟೇಪು ಹಿಂದೆ ತಿರುಗಿಸಿ ಆ ಜಾಗ ಕೇಳಿಸಿದ, ನನ್ನನ್ನು ಕೇಳಿದ, ಇಲ್ಲೇನಿದು, ಬೇಕೂಂತ ನಿಂತಿದ್ದಾ, ಇಲ್ಲ ಎಣಿಕೆ ತಪ್ಪಿದ್ದಾ? ಒಳ್ಳೆಯ ದನಿಯಲ್ಲೇ ಕೇಳಿದ, ಮಾರಾಯ, ಬೇಕೆಂದೇ ಎಂದಿದ್ದರೆ ಬಿಟ್ಟುಬಿಡುತ್ತಿದ್ದನೋ ಏನೋ, ಆ ಇಸ್ತ್ರಿ ಅಂಗಿಯವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು, ನನಗೆ ಇಪ್ಪತ್ತೈದು, ಎಣಿಸಲು ಬಾರದ ಬೆಟ್ಟದ ಗಮಾರ ಎನ್ನಿಸಿಕೊಳ್ಳುವುದು ಬೇಡವಾಗಿತ್ತು, ತಪ್ಪಿದ್ದು ಸಾರ್, ಕತ್ತರಿಸಿಬಿಡಿ ಎಂದೆ. ಕತ್ತರಿಸಿದ. ಬ್ಲೇಡು ಎರಡು ಕಡೆ ಆಡಿತು, ಎರಡಡಿಗೆ ಸ್ವಲ್ಪ ಕಡಿಮೆ ಉದ್ದದ ಕಂದು ಟೇಪು ನೆಲಕ್ಕೆ ಬಿತ್ತು, ಬಿದ್ದು ಸುರುಳಿಯಾಯಿತು. ಅಷ್ಟರಲ್ಲಿ ಅವಳು ವಾಪಸ್ಸು ಬಂದಳು, ಜ್ವರ ಇಳಿದಿದ್ಯಂತೆ ಎಸ್ಟಿಲ್ ಎಂದಳು, ನಾನು ದೇವರು ದೊಡ್ಡವನು ಎಂದೆ. ಮೂರು ತಿಂಗಳಾದ ಮೇಲೆ ರೇಡಿಯೊದಲ್ಲಿ ಕೇಳಿ ಅವಳು ಅತ್ತಳು, ಪಟ್ಟಣದವರಿಗೆ ಎರಡು ಕ್ಷಣ ಸುಮ್ಮನಿರೋಕೂ ಪುರುಸೊತ್ತಿಲ್ವಲ್ಲೋ ಎಂದಳು, ಆಮೇಲೆ ಪ್ರತಿ ಸಭೆಯಲ್ಲೂ ಆ ಜಾಗ ಬಂದಾಗ ನನ್ನ ಕಡೆ ಒಂದು ನೋಟ ಹಾಕುತ್ತಿದ್ದಳು, ನಮಗಿಬ್ಬರಿಗೇ ಗೊತ್ತು ಎಂಬ ನೋಟ, ಮೂವತ್ತಾರು ವರ್ಷ ಆ ನೋಟವನ್ನು ತಿಂದು ಅರಗಿಸಿಕೊಂಡೆ, ಆಸ್ಪತ್ರೆಯಲ್ಲಿ ಕೈ ಹಿಡಿದು ಕೂತಾಗಲೂ ಹೇಳಲಿಲ್ಲ, ನಾಳೆ ಹೇಳೋಣ ಎಂದುಕೊಂಡೆ, ಮರುದಿನ ಅವಳೇ ಇರಲಿಲ್ಲ.

ಇನ್ನೊಂದ್ಸಲ, ಇದೇ ಕೊನೇದು ಎನ್ನುತ್ತಾನೆ ಬ್ರೆಂಟ್, ಕೆಂಪು ದೀಪ ಹತ್ತಿತು, ಒಂದು, ಎರಡು, ಮೂರು, ಪಿಟೀಲು ಶುರುವಾಯಿತು, ಆ ಕಡೆಯ ಅಡುಗೆಮನೆಯ ಕಿಟಕಿಯಿಂದ ಬೆಂದ ಹುರುಳಿಕಾಯಿ, ಜೋಳದ ರೊಟ್ಟಿ, ಒಣಸೇಬಿನ ಕೇಕಿನ ವಾಸನೆ, ಇಗರ್ಜಿಯ ಹೆಂಗಸರು ಮಧ್ಯಾಹ್ನದ ಊಟಕ್ಕೆ ಆಲೂಗಡ್ಡೆ ಸುಲಿಯುತ್ತಿದ್ದಾರೆ, ಟೆಸ್ಸಾ ಹಾಡುತ್ತಿದ್ದಾಳೆ, ಕೋಟು ಬಂತು, ಒಲೆ ಬಂತು, ನಾನು ಈ ಸಲ ಪೆಡಲು ಬಿಡುವುದಿಲ್ಲ, ಬಿಡುವುದಿಲ್ಲ, ಬಾಗಿಲಲ್ಲಿ ಯಾರು — ಗಾಳಿ ಎಂದಳು, ಮೇಳ ಮುಂದೆ ಓಡಿತು, ನನ್ನ ಕಾಲು ತಾನಾಗಿ ಎದ್ದು ಅವರ ಜೊತೆಗೇ ಓಡಿತು, ಥೂ ನಿನ್ನ, ಅವತ್ತಿನದೇ ಕಾಲು. ಆಗ ಅಡುಗೆಮನೆಯಿಂದ ಗಾಳಿ ಎಂದು ಇನ್ನೊಂದು ದನಿ, ಮೂರು ನಾಲ್ಕು ದನಿ, ಎರಡು ಎಣಿಕೆ ತಡವಾಗಿ, ಸರಿಯಾಗಿ ಎರಡೇ ಎರಡು. ಕಟ್, ಯಾರ್ರೀ ಅದು! ಬ್ರೆಂಟ್ ಕಿರುಚಿದ. ಓಮಾ ಕಾಡಿಲ್ ಕಿಟಕಿಯಿಂದ ಇಣುಕಿದಳು, ಎಂಬತ್ತೆರಡರ ಮುದುಕಿ, ಕೈಯಲ್ಲಿ ಆಲೂಗಡ್ಡೆ, ತಪ್ಪಾಯ್ತಪ್ಪಾ, ಬಾಯಿ ತಡೀಲಿಲ್ಲ, ನೀವು ಓಡಿಬಿಟ್ರಿ. ನಾವು ಓಡಿಲ್ಲಮ್ಮ, ನೀವು ಹಿಂದೆ ಉಳಿದ್ರಿ. ಅಲ್ವೋ ಮಗಾ, ಬಾಗಿಲಲ್ಲಿ ಯಾರು ಅಂತ ಕೇಳಿದ್ಮೇಲೆ ಒಂಚೂರು ಕಾಯಬೇಡ್ವಾ, ನಿಮ್ಮನೇಲಿ ಕಾಯಲ್ವಾ, ಮಿಂಟಿ ನಮಗೆಲ್ಲ ಹಾಗೇ ಕಲಿಸಿದ್ದು, ಇಗರ್ಜಿಯಲ್ಲಿ, ಹುರುಳಿಕಾಯಿ ಬಿಡಿಸ್ತಾ ಬಿಡಿಸ್ತಾ. ನಾನೊಬ್ಬನೇ ಕೊನೆಯವನು ಎಂದುಕೊಂಡಿದ್ದೆನಲ್ಲ, ಎಂಥ ಜಂಬ, ಅಡುಗೆಮನೆ ತುಂಬ ಇದ್ದಾರೆ, ಎದೆ ಹಗುರಾಗಬೇಕಿತ್ತು, ಆಗಲಿಲ್ಲ, ಟೆಸ್ಸಾ ಗಿಟಾರು ಕೆಳಗಿಟ್ಟು ಕಿಟಕಿಯ ಹತ್ತಿರ ಹೋಗಿ, ಓಮಾಜ್ಜಿ, ಇನ್ನೊಂದ್ಸಲ ಹೇಳಿ ಅಂದಳು, ಓಮಾ ಹಾಡಿದಳು, ಒಡಕು ದನಿ, ನಿಂತಳು, ಎರಡು ಎಣಿಕೆ, ಇಡೀ ಹಾಲ್ ನಿಂತಿತು, ಬ್ರೆಂಟ್ ಕೂಡ ಬಾಗಿಲ ಕಡೆ ನೋಡಿದ, ನಾನು ಕಂಡೆ, ನೋಡಿದ. ಹಾಗಾದ್ರೆ ರೆಕಾರ್ಡಲ್ಲಿ ಯಾಕಿಲ್ಲ? ಟೆಸ್ಸಾ ಕೇಳಿದಳು. ಯಾರೋ ಮುಂಡೇಮಗ ಕತ್ತರಿಸಿದ ಕಂದಾ, ನಿಮ್ಮಜ್ಜಿ ಸಾಯೋ ತನಕ ಅದನ್ನೇ ಹೇಳ್ಕೊಂಡು ಕೊರಗಿದ್ಲು. ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಹೆಗಲಿಗೆ ಹೋಯಿತು. ಟೆಸ್ಸಾ ತಿರುಗಿದಳು, ಎಸ್ಟಿಲಜ್ಜಾ, ನೀನು ಅಲ್ಲಿದ್ಯಲ್ಲ, ಯಾರು ಕತ್ತರಿಸಿದ್ದು? ಅವಳು ಆತುರಪಡುತ್ತಿಲ್ಲ, ಮುಖ ಪಕ್ಕಕ್ಕೆ ತಿರುಗಿಸಿ ಕಾಯುತ್ತಿದ್ದಾಳೆ, ಪಟ್ಟಣದವರು ಎನ್ನಬಹುದು, ಯಜಮಾನ ಎನ್ನಬಹುದು, ಅವನು ಸತ್ತು ಮೂವತ್ತು ವರ್ಷ, ಎದ್ದು ಬಂದು ಅಲ್ಲವೆನ್ನುವುದಿಲ್ಲ — ನಾನು ಕಂದಾ, ಕತ್ತರಿಸಿ ಅಂದಿದ್ದು ನಾನು ಎಂದುಬಿಟ್ಟೆ — ಬ್ಲೇಡು, ಕಂದು ಟೇಪು, ನೆಲಕ್ಕೆ ಬಿದ್ದು ಸುರುಳಿಯಾಯಿತು, ನನ್ನ ಬೂಟಿನ ಪಕ್ಕದಲ್ಲೇ, ಮಿಂಟಿ ಇನ್ನೂ ಹೊರಗೆ ಫೋನಿನಲ್ಲೇ ಇದ್ದಳು, ಬಗ್ಗಿ ಎತ್ತಿಕೊಳ್ಳಬಹುದಿತ್ತು.