ತೂತಿಲ್ಲದ ಎಲೆ

ಐದನೆಯ ಹುಳವನ್ನು ಚಿಮಟದಲ್ಲಿ ಹಿಡಿದು ತಗಡಿನ ಡಬ್ಬಿಗೆ ಹಾಕುತ್ತಿದ್ದಾಗ ಮಗಳು ಹಿತ್ತಿಲ ಬಾಗಿಲಿಗೆ ಬಂದಳು.

"ಅಪ್ಪಾ, ಗಾಡಿ ಬಂತು. ಅಮ್ಮನ್ನ ಕರ್ಕೊಂಡು ಹೋಗೋ ಹೊತ್ತಲ್ಲಿ ಇಲ್ಲೇನು ಮಾಡ್ತಿದ್ದೀಯ?"

"ಬಂದೆ, ಬಂದೆ."

ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದ ಕೈ ಅದು, ಇವತ್ತೂ ನಡುಗಿರಲಿಲ್ಲ. ಹುಳ ತಿಂದ ಎಲೆಗಳನ್ನು ಇವರು ಆಗಲೇ ಕತ್ತರಿಸಿ ಹಾಕಿದ್ದರು. ಹೆಂಡತಿ ಆಸ್ಪತ್ರೆಯಲ್ಲಿದ್ದ ಎಂಟು ದಿನ ಕುಂಡದ ಎಕ್ಕದ ಗಿಡವನ್ನು ನೋಡುವವರಿರಲಿಲ್ಲ. ಅವಳು ತೀರಿಕೊಂಡು, ನಾಲ್ಕು ಜನ ಕೊನೆಯದಾಗಿ ನೋಡಲು ಬರುವಾಗ ಅವಳ ಗಿಡ ಹಾಳಾಗಿ ಕಾಣಬಾರದು ಅನ್ನಿಸಿತ್ತು. ಹುಳಗಳನ್ನು ಗೋಡೆಯಾಚೆ ಎಸೆದು ಬರಲು ಹೊತ್ತಿರಲಿಲ್ಲ. ಡಬ್ಬಿಯ ಮುಚ್ಚಳ ಒತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು.

*

ನಾಲ್ಕು ವರ್ಷದ ಹಿಂದೆ ಹೆಂಡತಿ ಈ ಗಿಡದ ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು, ತಾನು ಗುಂಡಿ ಹಚ್ಚುವ ಕೆಲಸಕ್ಕೆ ಹೋಗುತ್ತಿದ್ದ ಹೊಲಿಗೆ ಅಂಗಡಿಯಿಂದ. ಆ ಹೊತ್ತಿಗೆ ಮನೆ ತುಂಬ ನೆಂಟರು.

"ಮನೆ ಎಕ್ಕುಟ್ಟಿ ಹೋಗ್ಲಿ, ಎಕ್ಕ ಹುಟ್ಟಿ ಹಾಳಾಗ್ಲಿ ಅಂತ ಊರವರು ಬೈತಾರೆ. ನಮ್ಮವಳು ಆ ಕಷ್ಟನೂ ಅವರಿಗೆ ಕೊಡಲ್ಲ, ತಾನೇ ತಂದು ನೆಡ್ತಾಳೆ," ಎಂದಿದ್ದರು ಇವರು.

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅವಳೂ ಸ್ವಲ್ಪ ನಕ್ಕು ಒಳಗೆ ಹೋದಳು. ಆಮೇಲೆ ಗಿಡದ ಮಾತನ್ನು ಇವರೆದುರು ಒಮ್ಮೆಯೂ ಎತ್ತಲಿಲ್ಲ.

ತಪ್ಪಾಯಿತು ಎನ್ನುವುದು ಇವರ ಜಾಯಮಾನದಲ್ಲೇ ಇರಲಿಲ್ಲ. ಬಾಯಲ್ಲಿ ಆಗದ್ದನ್ನು ಕೈಯಲ್ಲಿ ಮಾಡಹೊರಟರು. ದಿನಾ ಬೆಳಿಗ್ಗೆ ಅವಳು ಏಳುವ ಮುಂಚೆ, ಗಡಿಯಾರ ರಿಪೇರಿಯ ಭೂತಗನ್ನಡಿ ಕಣ್ಣಿಗೆ ಏರಿಸಿಕೊಂಡು, ಎಲೆಯಡಿಯ ಗಸಗಸೆಯಂಥ ಬಿಳಿ ಮೊಟ್ಟೆಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಗಿಡದಲ್ಲಿ ಒಂದು ಎಲೆಗೂ ತೂತಿಲ್ಲ. ಅವಳು ಲೋಟ ಹಿಡಿದು ಬಂದು, ಕುರ್ಚಿ ಎಳೆದು ಕೂತು, ಪ್ರತಿ ಎಲೆಯನ್ನೂ ಮಗುಚಿ ನೋಡುವಳು. ಕಿಟಕಿಯಿಂದ ಇವರು ಅದನ್ನು ನೋಡಿ ಒಳಗೊಳಗೇ ಹಿಗ್ಗುವರು.

*

ಮಸಣದಲ್ಲಿ ಎಲ್ಲ ಮುಗಿಸಿ ಬರುವಾಗ ಸಂಜೆಯಾಗಿತ್ತು. ಹೊಲಿಗೆ ಅಂಗಡಿಯಾಕೆ ಹಿತ್ತಿಲಲ್ಲಿ ಗಿಡದ ಮುಂದೆ ನಿಂತಿದ್ದಳು.

"ಇದು ನಾನೇ ಕೊಟ್ಟಿದ್ದು ಅಣ್ಣಾ. ಪಾಪ, ಅಕ್ಕನಿಗೆ ಕೊನೆಗೂ ಹುಳ ಬರ್ಲೇ ಇಲ್ಲ."

"ಹುಳಾನಾ?"

"ಪಟ್ಟೆ ಹುಳ. ಅದೇ ಅಲ್ವಾ ಚಿಟ್ಟೆ ಆಗೋದು. ನಮ್ಮ ಅಂಗಡಿ ಹಿಂದೆ ಒಂದು ಗೂಡಿಂದ ಹೊರಗೆ ಬಂದಾಗ ಅಕ್ಕ ನೋಡ್ತಾ ನಿಂತೇಬಿಟ್ರು. ಸೂಜಿ ಎಲ್ಲಿ ಬಿತ್ತೋ ಗೊತ್ತಾಗ್ಲಿಲ್ಲ. ನಮ್ಮನೇಲೂ ಒಂದು ಚಿಟ್ಟೆ ಏಳ್ಲಿ ಅಂತ ಗಿಡ ತಗೊಂಡು ಬಂದ್ರು."

ಇವರು ಹತ್ತಿರದ ಎಲೆಯೊಂದನ್ನು ಮಗುಚಿ ನೋಡಿದರು.

"ಕೇಳಿದಾಗೆಲ್ಲ ಒಂದೇ ಮಾತು. ದಿನಾ ಎಲೆ ಮಗುಚಿ ನೋಡ್ತೀನಿ ಕಣೇ, ಒಂದು ಮೊಟ್ಟೆನೂ ಇಲ್ಲ, ನನ್ನ ಕೈಗುಣನೇ ಸರಿಯಿಲ್ಲ ಅನ್ನೋರು."

"ನಂಗ್ಯಾಕೆ ಹೇಳ್ಲಿಲ್ಲ ಅವಳು?"

"ನೀವು ನಗ್ತೀರ ಅಂದ್ರು."

ಹೇಳಲಿಲ್ಲ ಎಂದು ತಪ್ಪನ್ನು ಅವಳ ಮೇಲೆ ಹಾಕುವ ಹಾಗೂ ಇರಲಿಲ್ಲ. ಏನನ್ನು ಹುಡುಕುತ್ತೀಯೆ ಎಂದು ನಾಲ್ಕು ವರ್ಷದಲ್ಲಿ ಇವರೂ ಒಮ್ಮೆ ಕೇಳಿರಲಿಲ್ಲ. ಇವರಿಗೆ ತಡೆಯಲಾರದಷ್ಟು ನಾಚಿಕೆಯಾಯಿತು.

"ಅವಳ ಕೈಗುಣ ಚೆನ್ನಾಗೇ ಇತ್ತಮ್ಮಾ," ಎಂದು ಜೇಬಿನಿಂದ ಡಬ್ಬಿ ತೆಗೆದರು. ಮುಚ್ಚಳ ಬಿಚ್ಚಲು ಬೆರಳಿಗೆ ಆಗಲಿಲ್ಲ.

ಅಂಗಡಿಯಾಕೆಯೇ ಬಿಚ್ಚಿದಳು. ಒಳಗೆ ನೋಡಿದಳು, ಪಕ್ಕದಲ್ಲಿ ಬಿದ್ದಿದ್ದ ಚಿಮಟ ನೋಡಿದಳು. ಕುರ್ಚಿಯನ್ನು ಇವರ ಕಡೆ ಎಳೆದಳು.

"ಅದು ಅವಳದು," ಎಂದು ಇವರು ನೆಲದ ಮೇಲೇ ಕೂತರು.

ಐದೂ ಬದುಕಿದ್ದವು. ಚಿಮಟ ಮುಟ್ಟದೆ, ಒಂದೊಂದನ್ನೂ ಬೆರಳಿನ ಮೇಲೆ ಹತ್ತಿಸಿಕೊಂಡು ಎಲೆಗೆ ಬಿಟ್ಟರು. ನಾಲ್ಕು ಮುದುಡಿ ಕೂತವು. ಐದನೆಯದು ಸ್ವಲ್ಪ ಹೊತ್ತಿಗೆ ತಲೆಯೆತ್ತಿ ಎಲೆಯನ್ನು ಕೊರೆಯತೊಡಗಿತು. ಕಡಲೆಯಷ್ಟು ತೂತು ಬಿದ್ದಾಗ ಅದರೊಳಗಿಂದ ಅಷ್ಟೇ ಅಗಲದ ಸಂಜೆಬಿಸಿಲು ಹಾದು ಅವಳ ಕುರ್ಚಿಯ ಮೇಲೆ ಕೂತಿತು.