ಮೂರನೆಯ ಕೆಮ್ಮು

ನಮ್ಮ ಮೇಡಂ ಚಿತ್ರಗಳು ಹೇಗೆ ಇಷ್ಟು ಓಡುತ್ತವೆ ಎಂದು ಪತ್ರಿಕೆಯವರು ಬಂದು ನನ್ನ ತಲೆ ತಿನ್ನುತ್ತಾರೆ. ಅವರು ನಿರ್ದೇಶಿಸಿದ ಎಂಟೂ ಚಿತ್ರಗಳಿಗೆ ಕತ್ತರಿ ಆಡಿಸಿದ ಸಂಕಲನಕಾರ ನಾನೇ. ಗುಟ್ಟು ಇರುವುದು ಕೆಮ್ಮಿನಲ್ಲಿ ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ.

ಬಿಡುಗಡೆಗೆ ಮುಂಚೆ ಮೇಡಂ ಸಿನಿಮಾದ ಗಂಧಗಾಳಿ ಇಲ್ಲದ ನಲವತ್ತು ಜನರನ್ನು ಕರೆಸಿ ಚಿತ್ರ ತೋರಿಸುತ್ತಾರೆ. ಟೈಲರ್, ನರ್ಸ್, ಲಾರಿ ಡ್ರೈವರ್, ಯಾರಾದರೂ ಸರಿ. ತಾವು ಪರದೆಗೆ ಬೆನ್ನು ಹಾಕಿ ಕೂತು ಅವರ ಮುಖ ನೋಡುತ್ತಾರೆ. ಹಿಂದಿನ ಸಾಲಿನಲ್ಲಿ ಕೂತು ಕೆಮ್ಮು ಎಣಿಸುವುದು ನನ್ನ ಕೆಲಸ. ಮನಸ್ಸು ಕಥೆಯಲ್ಲಿದ್ದರೆ ಗಂಟಲು ನೆನಪಾಗುವುದಿಲ್ಲ ಎನ್ನುವುದು ಅವರ ನಂಬಿಕೆ. ಒಂದು ದೃಶ್ಯಕ್ಕೆ ಎರಡು ಕೆಮ್ಮು ಮಾಫಿ. ಮೂರಾದರೆ ದೃಶ್ಯವೇ ಔಟ್. ಒಮ್ಮೆ ದೊಡ್ಡ ಹೀರೋ ಒಬ್ಬನ ಹಾಡನ್ನೇ ಹಾರಿಸಿಬಿಟ್ಟರು. ಆತ ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿದ್ದ. ಚಿತ್ರ ನೂರು ದಿನ ದಾಟಿದ ಮೇಲೆ ತಾನಾಗಿಯೇ ಬಂದು ಮುಂದಿನ ಚಿತ್ರಕ್ಕೆ ಒಪ್ಪಿಕೊಂಡ. ನಾನು ಯಾರನ್ನೂ ಸುಲಭಕ್ಕೆ ಹೊಗಳುವವನಲ್ಲ, ಆದರೆ ಈ ಹೆಂಗಸನ್ನು ಕಂಡರೆ ಇವತ್ತಿಗೂ ಬೆರಗಾಗುತ್ತದೆ.

ಎಂಟನೆಯ ಚಿತ್ರದಲ್ಲಿ ಅವರ ಅಮ್ಮ ನಟಿಸಿದರು. ಹರೆಯದಲ್ಲಿ ನಟಿಯಾಗುವ ಆಸೆಯಿತ್ತಂತೆ, ಮನೆಯಲ್ಲಿ ಬಿಡಲಿಲ್ಲ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಮಗಳು ಒಂದು ದೃಶ್ಯ ಕೊಟ್ಟಳು: ಅಂಚೆ ಕಚೇರಿಯ ಬೆಂಚಿನಲ್ಲಿ ಕೂತು ನಾಯಕಿಗೆ ನಾಲ್ಕು ಮಾತು ಹೇಳುವುದು. ಆ ನಾಲ್ಕು ಮಾತನ್ನು ಅಮ್ಮ ಎರಡು ತಿಂಗಳು ಕನ್ನಡಿಯ ಮುಂದೆ ಉರುಹೊಡೆದರು.

ತೋರಿಸುವ ದಿನ ಅಮ್ಮ ಮಧ್ಯದ ಸಾಲಿನಲ್ಲಿ ಕೂತಿದ್ದರು. ಅವರ ದೃಶ್ಯ ಬಂತು. ಎಡಗಡೆ ಒಂದು ಕೆಮ್ಮು. ಬಲಗಡೆ ಇನ್ನೊಂದು. ಅಷ್ಟರಲ್ಲಿ ಮಧ್ಯದಿಂದ ಮೂರನೆಯದು.

ದೀಪ ಹತ್ತಿತು. ಮೇಡಂ ಕೇಳಿದರು, "ಬೆಂಚಿನ ಸೀನ್‌ಗೆ ಎಷ್ಟು?"

"ಎರಡು," ಎಂದೆ. ಅವರಿಗೆ ನಾನು ಹೇಳಿದ ಮೊದಲ ಸುಳ್ಳು.

ಅವರಿಗೂ ಕಿವಿ ಇತ್ತು. ಆದರೂ ತಲೆ ತಗ್ಗಿಸಿ, "ಸರಿ, ಇರ್ಲಿ," ಎಂದರು.

"ಎರಡೆಲ್ಲಿ ಬಂತು? ಮೂರು!" ಅಮ್ಮ ಎದ್ದು ನಿಂತರು. "ಮೂರನೇದು ನಾನೇ ಕಣೇ."

"ನಿಂಗೆ ಶೀತ ಆಗಿದೆ ಅಮ್ಮ. ಅದು ಲೆಕ್ಕಕ್ಕಿಲ್ಲ."

"ಶೀತಾನೂ ಇಲ್ಲ, ಏನೂ ಇಲ್ಲ. ಆ ಹುಡುಗಿ ಬಸ್ ಹಿಡೀತಾಳೋ ಇಲ್ವೋ ಅಂತ ಜೀವ ಒದ್ದಾಡ್ತಿದ್ರೆ, ನಡುವೆ ಈ ಮುದುಕಿ ಬಂದು ಕೊರೀತಾ ಕೂರ್ತಾಳೆ. ತೆಗಿ ಅದನ್ನ."

ಮೇಡಂ ಕಣ್ಣು ತುಂಬಿ ಬಂತು. "ಇದೊಂದು ಇರ್ಲಮ್ಮಾ."

"ಬೇರೆ ಯಾರಾದ್ರೂ ಮಾಡಿದ್ರೆ ಇಡ್ತಿದ್ಯಾ?"

ಮಗಳು ನನ್ನ ಕಡೆ ತಿರುಗಿ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದಳು. ಮರುದಿನ ಬೆಳಿಗ್ಗೆ ದೃಶ್ಯವನ್ನು ನಾನು ತೆಗೆದೆ.

ಬಿಡುಗಡೆಯ ದಿನ ಚಿತ್ರಮಂದಿರದ ಮುಂದೆ ಕಾಲಿಡಲು ಜಾಗವಿರಲಿಲ್ಲ. ಪೋಸ್ಟರಿನಲ್ಲಿ ಹೀರೋನ ಹೆಸರಿಗಿಂತ ದಪ್ಪಕ್ಷರದಲ್ಲಿ ಮೇಡಂ ಹೆಸರಿತ್ತು. ಒಳಗೆ ಅಮ್ಮ ಹೊಸ ಸೀರೆ ಉಟ್ಟು ನನ್ನ ಪಕ್ಕ ಕೂತರು. ಪರದೆಯ ಮೇಲೆ ನಾಯಕಿ ಅಂಚೆ ಕಚೇರಿಯಿಂದ ನೇರವಾಗಿ ಬಸ್ಸಿನ ಕಡೆ ಓಡಿದಳು. ಎಂಟುನೂರು ಜನ ಉಸಿರು ಬಿಗಿಹಿಡಿದು ಕೂತಿದ್ದರು.

ಅಮ್ಮ ನನ್ನ ಕೈ ಹಿಡಿದು ಪಿಸುಗುಟ್ಟಿದರು: "ನೋಡಿದ್ಯೇನಪ್ಪಾ? ಒಬ್ರೂ ಕೆಮ್ಮಲಿಲ್ಲ."

ಹಿಡಿದ ಕೈಯನ್ನು ಮಾತ್ರ ಚಿತ್ರ ಮುಗಿಯುವವರೆಗೂ ಬಿಡಲಿಲ್ಲ.