ಮೇಜಿನ ನಾಲ್ಕು ಕಾಲು

ಕೂತು ಬರೆಯುವುದಕ್ಕೆಂದು ಮೇಜು ತಂದು, ಎರಡು ತಿಂಗಳು ಅದರ ಮೇಲೆ ಒಂದು ಪುಟವನ್ನೂ ನೆಟ್ಟಗೆ ಬರೆಯದೆ ಹೋದವಳು ನಾನು. ಕೇಳಿದವರು ನಗುತ್ತಾರೆ. ನಗಲಿ ಬಿಡಿ. ಅವರ ಪಡಸಾಲೆಯಲ್ಲಿ ಮಾವ ಕಂಬಳಿ ಹಾಸಿಕೊಂಡು ನೆಲದ ಮೇಲೆ ಕೂತಿರಲಿಲ್ಲ.

ಐವತ್ತೊಂಬತ್ತನೇ ಇಸವಿಯ ಮಾತು. ಮದುವೆಯಾಗಿ ಹರಿಹರದಿಂದ ದಾವಣಗೆರೆಗೆ ಬಂದು ಒಂದೂವರೆ ವರ್ಷವಾಗಿತ್ತು. ಗಂಡ ಭರಮಣ್ಣನಿಗೆ ಹತ್ತಿ ಮಿಲ್ಲಿನಲ್ಲಿ ಕೆಲಸ. ಮಾವ ಸಣ್ಣಬೀರಪ್ಪನವರು ಹದಡಿಯ ಹೊಲವನ್ನು ದೊಡ್ಡ ಮಗನಿಗೆ ಬಿಟ್ಟು, ದಮ್ಮಿನ ಔಷಧಿಗೆ ಅನುಕೂಲವೆಂದು ನಮ್ಮ ಜೊತೆ ಇದ್ದರು. ನಾನು ಪಕ್ಕದ ಓಣಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ಟೀಚರು ಅಂದರೆ ಅರ್ಧ ಟೀಚರು, ಯಾಕೆಂದರೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದು ನಪಾಸಾಗಿತ್ತು. ಬರುವ ಮಾರ್ಚಿನಲ್ಲಿ ಪಾಸು ಮಾಡಿಕೊಳ್ಳದಿದ್ದರೆ ಜೂನಿನಿಂದ ಬರುವುದು ಬೇಡ ಎಂದು ಶಾಲೆಯ ಕಮಿಟಿಯವರು ಮುಖದ ಮೇಲೆ ಹೇಳಿದ್ದರು.

ಆ ಗಣಿತ ಮಾಡುವುದಾದರೂ ಎಲ್ಲಿ? ನಮ್ಮದು ಸಾಲುಮನೆ. ಒಂದು ಪಡಸಾಲೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು. ಇದ್ದ ಒಂದೇ ಬಲ್ಬು ಪಡಸಾಲೆಯಲ್ಲಿ. ಅಡುಗೆಮನೆಯ ಹೊಗೆಯಲ್ಲಿ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಕಂಪಾಸು ಊರಿದರೆ ಅದರ ಮೊನೆ ಕಾಗದ ದಾಟಿ ತೊಡೆಗೇ ನಾಟುತ್ತಿತ್ತು. ನೆಲದ ಮೇಲೆ ಇಟ್ಟರೆ ಸಗಣಿ ಸಾರಿಸಿದ ನೆಲ, ವೃತ್ತ ಬರೆಯಹೋದರೆ ಬದನೆಕಾಯಿ ಆಗುತ್ತಿತ್ತು. ಲೆಕ್ಕ ಅರ್ಧಕ್ಕೆ ಬರುವ ಹೊತ್ತಿಗೆ ಅನ್ನ ಉಕ್ಕುತ್ತಿತ್ತು. ಎದ್ದು ಬಂದು ನೋಡಿದರೆ ಪುಸ್ತಕದ ಮೇಲೆ ಯಾರೋ ಬೆಳ್ಳುಳ್ಳಿ ಇಟ್ಟಿರುತ್ತಿದ್ದರು.

ಅಂಥದರಲ್ಲಿ ಆ ಮೇಜು ಬಂತು. ಹರಿಹರದಲ್ಲಿ ನನಗೆ ಪಾಠ ಹೇಳಿದ ಕೊಟ್ರವ್ವ ಟೀಚರದು ಅದು. ಅವರಿಗಿಂತ ಹಳೆಯದು. ಹೊಳೆಯ ಸೇತುವೆ ಕೆಲಸಕ್ಕೆ ಬಂದಿದ್ದ ಯಾರೋ ಇಂಗ್ಲಿಷ್ ದೊರೆ ಬಿಟ್ಟುಹೋದದ್ದಂತೆ, ಕೈಯಿಂದ ಕೈಗೆ ದಾಟಿ ಅವರಲ್ಲಿಗೆ ಬಂದಿತ್ತು. ಮುಚ್ಚಿದ್ದಾಗ ನೋಡಿದರೆ ನಾಲ್ಕು ಉದ್ದನೆಯ ಕಡೆದ ಕಾಲುಗಳ ಮೇಲೆ ಇಳಿಜಾರು ಮುಚ್ಚಳದ ಒಂದು ಪೆಟ್ಟಿಗೆ, ಅಷ್ಟೇ. ಕೀಲಿ ತಿರುಗಿಸಿದರೆ ಮುಚ್ಚಳ ಮುಂದಕ್ಕೆ ಬಾಗಿ, ಹಿತ್ತಾಳೆಯ ಕೈಗಳ ಮೇಲೆ ನಿಂತು, ಬರೆಯುವ ಹಲಗೆಯಾಗುತ್ತಿತ್ತು. ಒಳಗೆ ಎಂಟು ಪುಟ್ಟ ಗೂಡುಗಳು, ಅಡಿಕೆ ಎಲೆ ಇಡುವಷ್ಟು ಚಿಕ್ಕ ಎರಡು ಡ್ರಾ, ಮಸಿಕುಡಿಕೆ ಕೂಡುವುದಕ್ಕೆ ಒಂದು ಗುಂಡನೆಯ ಗುಳಿ. ಹುಡುಗಿಯಾಗಿದ್ದಾಗ ಅದರ ಪಕ್ಕ ನಿಂತು ಕಾಪಿ ತಿದ್ದಿಸಿಕೊಳ್ಳುತ್ತಿದ್ದೆ. ಗೂಡುಗಳನ್ನು ಎಣಿಸುತ್ತ ಕಾಗುಣಿತ ತಪ್ಪಿ ಬೈಸಿಕೊಳ್ಳುತ್ತಿದ್ದೆ.

ಆ ಮೇಜಿನ ಮೇಲೆ ನನಗೇಕೆ ಅಷ್ಟು ಆಸೆ ಅಂದರೆ, ಅದರ ಚೆಲುವಿಗಲ್ಲ, ಬೀಗಕ್ಕೆ. ಅರ್ಧ ಬಿಡಿಸಿದ ಲೆಕ್ಕವನ್ನು ಹಾಗೇ ಬಿಟ್ಟು ಹಲಗೆ ಎತ್ತಿ ಕೀಲಿ ಹಾಕಿದರೆ ಅದು ಅರ್ಧಕ್ಕೇ ನಮಗಾಗಿ ಕಾಯುತ್ತಿರುತ್ತದೆ. ಯಾರೂ ಬೆಳ್ಳುಳ್ಳಿ ಇಡುವುದಿಲ್ಲ. ನಮ್ಮಂಥ ಮನೆಯಲ್ಲಿ ಹೆಂಗಸಿಗೆ ತನ್ನದು ಅಂತ ಕೀಲಿ ಹಾಕುವ ಒಂದು ಮೊಳ ಜಾಗ ಎಲ್ಲಿದೆ ಹೇಳಿ.

ಟೀಚರು ಮನೆ ಖಾಲಿ ಮಾಡಿ ತಮ್ಮನ ಊರಿಗೆ ಹೊರಟಾಗ ನನ್ನನ್ನು ಕರೆಸಿ, ಮೇಜನ್ನೂ ಅದರ ಕುರ್ಚಿಯನ್ನೂ ಕೊಟ್ಟರು. ಕೀಲಿಯನ್ನು ನನ್ನ ಅಂಗೈಲಿಟ್ಟು ಹೇಳಿದರು. "ರಂಗವ್ವ, ಇದನ್ನ ಹೆಂಗೈತೋ ಹಂಗೇ ಇಟ್ಕೊ. ಯಾವನಿಗೂ ಒಂದು ಮೊಳೆ ಹೊಡಿಯಾಕೆ ಕೊಡಬ್ಯಾಡ. ಇದರ ಮುಂದೆ ಕುಂತು ಪಾಸಾಗು, ಸಾಕು."

ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ದಾವಣಗೆರೆಗೆ ತಂದೆವು. ಅಡುಗೆಮನೆಯ ಬಾಗಿಲಲ್ಲಿ ತೂರಲಿಲ್ಲ. ಪಡಸಾಲೆಯಲ್ಲೇ, ಮಾವನ ಕಂಬಳಿಯ ಎದುರು ಗೋಡೆಗೆ ನಿಲ್ಲಿಸಿದ್ದಾಯಿತು. ಸಡಿಲವಾಗಿದ್ದ ಒಂದು ಕೀಲನ್ನು ಬಿಗಿ ಮಾಡಲು ಓಣಿಯ ಮೂಲೆಯ ಬಡಗಿ ಮೌಲಾ ಸಾಬ್ ಬಂದರು. ಬಿಗಿ ಮಾಡಿದ ಮೇಲೂ ಹೋಗದೆ ಕಾಲುಗಳನ್ನು ಸವರುತ್ತ ಕೂತರು. "ಇಂಥ ಸಾಗುವಾನಿ ಈಗ ಎಲ್ಲೈತ್ರೀ ಟೀಚರ್ರೇ" ಅಂದರು. ಮಾವ ಮಾತ್ರ ದೂರದಿಂದಲೇ ನೋಡಿ, "ಕಾಲಿನ ಪೆಟ್ಟಿಗೆ" ಎಂದು ಅದಕ್ಕೊಂದು ಹೆಸರಿಟ್ಟು ಸುಮ್ಮನಾದರು. ಮಾವನ ಮಾತೇ ಹಾಗೆ, ದಿನಕ್ಕೆ ಹತ್ತು ಆಡಿದರೆ ಹೆಚ್ಚು.

ಮೊದಲ ಸಂಜೆ ಶಾಲೆಯಿಂದ ಬಂದವಳು ಮಾವ ಹಿತ್ತಲಿಗೆ ಹೋಗಿದ್ದ ಸಮಯ ನೋಡಿ ಕುರ್ಚಿಯ ಮೇಲೆ ಕೂತೆ. ಹಲಗೆ ಇಳಿಸಿದೆ, ಪುಸ್ತಕ ತೆಗೆದೆ, ವೃತ್ತ ಬರೆದೆ. ಎಂಥ ವೃತ್ತ ಬಂತು ಅಂತೀರಿ. ಅಷ್ಟರಲ್ಲಿ ಮಾವ ಒಳಗೆ ಬಂದು ನೆಲದ ಮೇಲೆ ತಮ್ಮ ಕಂಬಳಿಯಲ್ಲಿ ಕೂತರು. ನಾನು ಬೆಂಕಿ ಮುಟ್ಟಿದವಳ ಹಾಗೆ ಎದ್ದುಬಿಟ್ಟೆ. ಮಸಿ ಚೆಲ್ಲಿತು. ಮಾವ ಕೆಳಗೆ, ಸೊಸೆ ಮೇಲೆ ಕುರ್ಚಿಯಲ್ಲಿ? ನಮ್ಮ ಕಡೆ ಅದನ್ನು ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ. ಮೊಣಕಾಲು ತಾನಾಗಿಯೇ ಎದ್ದು ನಿಲ್ಲುತ್ತದೆ.

ಮಾರನೆಯ ದಿನ ನಾನು ಮೇಜು ತೆಗೆಯಲು ಕೀಲಿ ತಿರುಗಿಸಿದ ಸದ್ದಾಗುತ್ತಲೇ ಮಾವ ಕೋಲು ಹಿಡಿದು, ಕಂಬಳಿ ಹೊದ್ದು, ಒಂದು ಮಾತೂ ಇಲ್ಲದೆ ಹೊರಗೆ ನಡೆದುಬಿಟ್ಟರು. ಅದರ ಮಾರನೆಯ ದಿನವೂ ಅಷ್ಟೇ. ಸಿಟ್ಟು ಬಂದಿದೆ, ಮುಖ ನೋಡುವುದಕ್ಕೂ ಇಷ್ಟವಿಲ್ಲ ಅಂದುಕೊಂಡೆ. ಸಾಲದ್ದಕ್ಕೆ ಪಕ್ಕದ ಮನೆ ಅಂಜಿನವ್ವ ನೀರು ಸೇದುತ್ತ ಅಂದಳು, "ಏನವ್ವ, ನಿನ್ನ ಕುರ್ಚಿ ಬಂದಾಗಿಂದ ಮುದುಕ ಬೀದಿ ಪಾಲಾತಲ್ಲ."

ಆಮೇಲೆ ಕೂಡುವುದು ಹೇಗೆ? ಮಾವ ಹೊರಗೆ ಹೋದದ್ದೇ ಹಲಗೆ ಮುಚ್ಚಿ, ಕೀಲಿ ಹಾಕಿ, ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯುತ್ತಿದ್ದೆ. ರೊಟ್ಟಿಯ ಜಾಗದಲ್ಲಿ ಯಾರನ್ನು ಬಡಿಯುತ್ತಿದ್ದೇನೋ ನನಗೇ ಗೊತ್ತಿರಲಿಲ್ಲ. ಒಂದೂವರೆ ಎರಡು ತಾಸು ಬಿಟ್ಟು ಮಾವ ಕೆಮ್ಮುತ್ತ ಬರುತ್ತಿದ್ದರು. ಮುಚ್ಚಿದ ಮೇಜನ್ನು ಒಮ್ಮೆ ನೋಡಿ, ತಲೆಯಾಡಿಸಿ, ಕೂಡುತ್ತಿದ್ದರು. ಆ ತಲೆಯಾಡಿಸುವುದು ನನ್ನ ಹೊಟ್ಟೆ ಉರಿಸುತ್ತಿತ್ತು.

ಗಂಡನಿಗೆ ಹೇಳಿದೆ. "ನೀವಾದ್ರೂ ಮಾವನ್ನ ಒಂದು ಮಾತು ಕೇಳ್ರಿ. ನಾನು ಕುರ್ಚಿ ಮ್ಯಾಲೆ ಕುಂತ್ರೆ ಏನು ತಪ್ಪು ಅಂತ."

"ಅಪ್ಪನ್ನ ಹೆಂಗೆ ಕೇಳಾದು?" ಅಂದರು, ಮಿಲ್ಲಿನ ಹತ್ತಿಯನ್ನು ಕೂದಲಿಂದ ಕೊಡವುತ್ತ. "ನೀ ನಿಂತ್ಕೊಂಡೇ ಬರಿ. ಮಿಲ್ಲಿನಾಗೆ ನಾವು ಎಂಟು ತಾಸು ನಿಂತೇ ಇರ್ತೀವಪ್ಪ."

ನಾನು ಆ ಹತ್ತಿಯನ್ನೂ ಆ ಬುದ್ಧಿಯನ್ನೂ ಒಟ್ಟಿಗೆ ಗುಡಿಸಿ ಹೊರಗೆ ಹಾಕಿದೆ.

ಜನವರಿಯ ಚಳಿಗೆ ಮಾವನ ದಮ್ಮು ಹೆಚ್ಚಾಯಿತು. ಸಂಜೆ ಹೊರಗೆ ಕಾಲಿಡಕೂಡದು ಎಂದರು ಡಾಕ್ಟರು. ಮಾವ ಪಡಸಾಲೆಯಲ್ಲೇ ಉಳಿದರು. ಈಗ ನಾನು ನಿಜವಾಗಿ ನಿಂತುಕೊಂಡು ಬರೆಯತೊಡಗಿದೆ. ಹಲಗೆ ಸೊಂಟದಿಂದ ಕೆಳಗೆ. ಬಗ್ಗಿ ಬಗ್ಗಿ ಬೆನ್ನು ಬಿಲ್ಲಾಯಿತು. ಬರೆದದ್ದೆಲ್ಲ ತಪ್ಪು. ಪ್ರಮೇಯ ಸಾಧಿಸುವಷ್ಟರಲ್ಲಿ ಕಾಲು ಜೋಮು ಹಿಡಿಯುತ್ತಿತ್ತು. ಮಾವ ಮೂಲೆಯಿಂದ ನೋಡುತ್ತಿದ್ದರು, ನೋಡಿ ಮುಖ ತಿರುಗಿಸುತ್ತಿದ್ದರು. ಕುರ್ಚಿಯ ಮೇಲೆ ಮಡಿಸಿದ ಹಾಸಿಗೆ ಬಂದು ಕೂತಿತು. ಪರೀಕ್ಷೆಗೆ ಉಳಿದದ್ದು ಏಳು ವಾರ. ಒಂದು ದಿನ ಸಿಟ್ಟಿಗೆ ಪುಸ್ತಕವನ್ನು ಗೂಡಿನೊಳಗೆ ತುರುಕಿ, ಹಾಳಾಗಿ ಹೋಗಲಿ ಎಂದು ಅತ್ತುಬಿಟ್ಟೆ. ಮಾವ ಕಂಬಳಿಯೊಳಗೆ ಮುಖ ಹೂತು ಮಲಗಿದ್ದರು, ಕೇಳಲಿಲ್ಲ ಅಂದುಕೊಂಡೆ.

ಆ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದು ಬಾಗಿಲು ದೂಡಿದರೆ ಪಡಸಾಲೆಯ ತುಂಬ ಗರಗಸದ ಹೊಟ್ಟು. ನನ್ನ ಮೇಜು ನೆಲಕ್ಕೆ ಕುಸಿದು ಕೂತಿತ್ತು. ಕಾಲುಗಳು ಒಂದೂವರೆ ಗೇಣಿಗೆ ಬಂದು ನಿಂತಿದ್ದವು. ಅದರ ಮುಂದೆ ಮಾವನ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿತ್ತು. ಮಾವ ಬರಿನೆಲದ ಮೇಲೆ ಗೋಡೆಗೊರಗಿ ಕೂತು, ಮೊದಲ ಸಲ ನನ್ನ ಮುಖ ನೋಡಿ ನಗುತ್ತಿದ್ದರು.

"ಕೂಡವ್ವ. ಈಗ ನೆಲದ ಮ್ಯಾಲೇ ಕುಂತು ಬರೀಬಹುದು. ನೋಡು, ನಿನ್ನ ಅಳತೆಗೇ ಮಾಡ್ಸೀನಿ."

"ಯಾರನ್ನ ಕೇಳಿ ಕೊಯ್ಸಿದ್ರಿ?" ಅಂದೆ. ಮಾವನ ಎದುರು ನಾನು ದನಿ ಎತ್ತಿದ್ದು ಅದೇ ಮೊದಲು. ಎತ್ತಿದ ಮೇಲೆ ಇಳಿಯಲಿಲ್ಲ. "ಅದು ನಿಮ್ಮ ಹೊಲದ ಜಾಲಿ ಗಿಡ ಅಲ್ಲ ಮಾವ. ನೂರು ವರ್ಷದ ಮೇಜು. ಟೀಚರು ನನ್ನ ನಂಬಿ ಕೊಟ್ಟಿದ್ರು. ನಾನು ಕುಂತ್ರೆ ನಿಮಗೆ ಆಗಲ್ಲ ಅಂದ್ರೆ ನನ್ನ ಕಾಲು ಕೊಯ್ಸಬೇಕಾಗಿತ್ತು, ಅದರದ್ದಲ್ಲ."

ಮಾವನ ನಗು ಹಾಗೇ ನಿಂತುಹೋಯಿತು. ಏನೋ ಹೇಳಲು ಬಾಯಿ ತೆರೆದವರಿಗೆ ಕೆಮ್ಮು ಬಂತು. ನೀರು ಕೂಡ ಕೊಡದೆ ನಾನು ಮೌಲಾ ಸಾಬರ ಅಂಗಡಿಗೆ ಹೋದೆ.

"ನಿಮಗೆ ಕೈ ಹೆಂಗೆ ಬಂತು ಸಾಬ್ರೇ? ಇಂಥ ಸಾಗುವಾನಿ ಎಲ್ಲೈತೆ ಅಂದೋರು ನೀವೇ ಅಲ್ವಾ?"

ಮೌಲಾ ಸಾಬ್ ಉಜ್ಜುಗೊರಡನ್ನು ಪಕ್ಕಕ್ಕಿಟ್ಟರು. "ಕೂಡ್ರಿ ಟೀಚರ್ರೇ. ಆ ಮಣೆ ಮ್ಯಾಲೆ ಕೂಡ್ರಿ. ನಿಮ್ಮ ಮಾವ ದಿನಾ ಸಂಜೆ ಕೂಡ್ತಿದ್ದ ಜಾಗ ಅದು."

"ಇಲ್ಲಿ?"

"ಮತ್ತೆಲ್ಲಿ? ಡಿಸೆಂಬರ್ ಚಳಿಯಾಗೆ ಎರಡೆರಡು ತಾಸು. ಮನೀಗೆ ಹೋಗ್ರಿ ಯಜಮಾನ್ರೇ, ಕೆಮ್ಮು ಜಾಸ್ತಿ ಆಗ್ತೈತೆ ಅಂದ್ರೆ ಕೇಳ್ತಿರಲಿಲ್ಲ. ನಾ ಇದ್ರೆ ಆ ಹುಡುಗಿ ಕುರ್ಚಿ ಮ್ಯಾಲೆ ಕೂಡಲ್ಲ ಸಾಬಾ, ಓದಲಿ ಬಿಡು ಅಂತಿದ್ರು. ಮನೀಗೆ ಹೋದ್ರೆ ಪೆಟ್ಟಿಗೆ ಮುಚ್ಚಿರ್ತಾಳೆ, ಅಷ್ಟರಾಗೆ ಓದಿ ಮುಗಿಸಿರ್ತಾಳೆ ಅಂತ ಏನು ಖುಷಿ ಅಂತೀರಿ."

ನಾನು ಆ ಮಣೆಯ ಮೇಲೆ ಕೂತುಬಿಟ್ಟೆ. ನನಗಾಗಿ ಅವರು ಹೊರಗೆ, ಅವರಿಗಾಗಿ ನಾನು ಒಲೆಯ ಮುಂದೆ. ಡಿಸೆಂಬರ್ ಪೂರ್ತಿ ಆ ಮೇಜಿನ ಮುಂದೆ ಯಾರೂ ಕೂತಿರಲಿಲ್ಲ. ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಇಬ್ಬರ ಗಂಟೇನು ಹೋಗುತ್ತಿತ್ತು? ನನಗೆ ನನ್ನ ಮೇಲೇ ಹೇಸಿಗೆಯಾಯಿತು.

"ಡಾಕ್ಟ್ರು ಹೊರಗೆ ಬಿಡಲಿಲ್ಲ ನೋಡ್ರಿ. ನೀವು ನಿಂತು ಬರಿಯೋದು ನೋಡಿ, ಅಳೋದು ಕೇಳಿ, ನಿನ್ನೆ ನನ್ನ ಕರೆಸಿದ್ರು. ನಾ ಕೊಯ್ಯಲ್ಲ ಅಂದೆ. ಕೈ ಹಿಡ್ಕೊಂಡ್ರು, ಏನು ಮಾಡ್ಲಿ?" ಅನ್ನುತ್ತ ಮೌಲಾ ಸಾಬ್ ಹಲಗೆಗಳ ಹಿಂದಿನಿಂದ ಒಂದು ಗೋಣಿಯ ಕಟ್ಟು ತೆಗೆದರು. ಬಿಚ್ಚಿದರೆ ನನ್ನ ಮೇಜಿನ ನಾಲ್ಕು ಕಾಲು. ಅಗಸೆ ಎಣ್ಣೆ ಹಚ್ಚಿ, ಸೀಮೆಸುಣ್ಣದಲ್ಲಿ ಒಂದು ಎರಡು ಮೂರು ನಾಲ್ಕು ಎಂದು ಬರೆದಿತ್ತು.

"ಸೌದೆಗೆ ಹಾಕಬ್ಯಾಡ, ಹುಷಾರಾಗಿ ಎತ್ತಿಡು ಅಂದಾರೆ. ನಾ ಹೋದ ಮ್ಯಾಲೆ ಮತ್ತೆ ಜೋಡಿಸ್ಕೊಡು, ಆಗ ಆರಾಮಾಗಿ ಕುರ್ಚಿ ಮ್ಯಾಲೆ ಕುಂತ್ಕಂತಾಳೆ ಅಂದ್ರು. ಗೂಟ ಹೊಡೆದ್ರೆ ಕೂಡೋ ಹಂಗೇ ಕೊಯ್ದೀನಿ ಟೀಚರ್ರೇ. ನಾಳೆ ಗುರುತು ಸೈತ ಕಾಣಲ್ಲ."

ನಾನು ಎರಡನೇ ನಂಬರಿನ ಕಾಲನ್ನು ಕೈಯಲ್ಲಿ ಹಿಡಿದುಕೊಂಡೆ. ಕೊಯ್ದ ಜಾಗ ಹಸಿ ಅರಿಸಿನದ ಬಣ್ಣಕ್ಕಿತ್ತು. ಎಂಥ ಮನುಷ್ಯ ಇವರು? ಮನಸ್ಸು ತುಂಬ ಬೈದುಕೊಳ್ಳೋಣವೆಂದರೆ ಅದನ್ನೂ ನನ್ನಿಂದ ಕಿತ್ತುಕೊಂಡಿದ್ದರು. ಈ ಕಾಲುಗಳು ಇಲ್ಲಿ ಗೋಣಿಯಲ್ಲಿ ಕಾಯುತ್ತಿರುವುದು ಅವರ ಸಾವನ್ನು. ಕೈಯಲ್ಲಿದ್ದುದನ್ನು ಮತ್ತೆ ಗೋಣಿಗಿಟ್ಟೆ.

"ಕೊಡ್ರಿ, ಮನೀಗೆ ಒಯ್ತೀನಿ" ಅಂದೆ.

"ಯಜಮಾನ್ರು ಇಲ್ಲೇ ಇಡು ಅಂದಿದ್ರು."

"ಮೇಜು ನಂದು ಸಾಬ್ರೇ."

ಕಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲ ಬಾಗಿಲಿಂದ ಬಂದು ಬಚ್ಚಲಲ್ಲಿ ಇಟ್ಟೆ. ಪಡಸಾಲೆಗೆ ಬಂದರೆ ಮಾವ ಕಸಬರಿಗೆ ಹಿಡಿದು ಗರಗಸದ ಹೊಟ್ಟು ಗುಡಿಸುತ್ತಿದ್ದರು. ನಾನು ಕಸಬರಿಗೆ ಇಸಿದುಕೊಂಡೆ. ಕಂಬಳಿಯ ಮೇಲೆ ಕೂತು ಹಲಗೆ ಇಳಿಸಿದೆ. ಮೊಣಕಾಲಿಗೆ ತಾಗಿತು. ಎರಡು ಬೆರಳಷ್ಟು ಅಳತೆ ತಪ್ಪಿದ್ದರು. ಒಂದು ಮಂಡಿ ಹೊರಗೆ ಚಾಚಿಕೊಂಡು ಬರೆಯತೊಡಗಿದೆ. ಮಾವ ಎದ್ದು ಬಂದು ಬಲ್ಬು ಹಾಕಿದರು.

ಮಾರನೆಯ ದಿನ ಭಾನುವಾರ, ಮಾವನ ಎಣ್ಣೆನೀರಿನ ದಿನ. ಬೆಳಗಾಗುತ್ತಲೇ ಎದ್ದು ಬಚ್ಚಲ ಒಲೆ ಹಚ್ಚಿದೆ. ಒಂದನೇ ನಂಬರಿನದು, ಎರಡನೇದು, ಮೂರನೇದು, ನಾಲ್ಕನೇದು. ಟೀಚರು ನೆನಪಾದರು, ಕ್ಷಮಿಸಿರಿ ಅಂದೆ. ಹಳೇ ಸಾಗುವಾನಿ, ಎಣ್ಣೆ ಬೇರೆ ಕುಡಿದಿತ್ತು, ಹೊಗೆಯೇ ಇಲ್ಲದೆ ಉರಿಯಿತು. ಬೂದಿಯಾಗುವವರೆಗೂ ಒಲೆಯ ಮುಂದೆ ಕೂತಿದ್ದೆ.

ಮಾವ ಮೊದಲ ತಂಬಿಗೆ ಮೈಮೇಲೆ ಸುರಿದುಕೊಂಡು ಒಳಗಿಂದ ಕೂಗಿದರು.

"ರಂಗವ್ವ, ಇವತ್ತು ನೀರು ಬಾಳ ಕಾದೈತಲ್ಲೇ."

"ಹ್ಞೂಂ ಮಾವ" ಅಂದೆ. "ಒಳ್ಳೆ ಕಟ್ಟಿಗೆ ಸಿಕ್ಕಿತ್ತು."